ಕೇಳದೆ ಬರೆದದ್ದು

ಕುರ್ಚಿ ಅವಳದೇ. ಅದರಲ್ಲಿ ಅನುಮಾನವೇ ಇರಲಿಲ್ಲ.

ಹೊಸ ಫೋನಿನ ಬಿಡುಗಡೆ ಇದ್ದ ಆ ಸಭಾಂಗಣಕ್ಕೆ ಅವಳು ಒಂದು ಗಂಟೆ ಮೊದಲೇ ಬಂದಿದ್ದಳು. ಪಕ್ಕದ ಗೋಡೆಯಲ್ಲಿ ಪ್ಲಗ್ ಪಾಯಿಂಟ್ ಇರುವ ಏಕೈಕ ಕುರ್ಚಿಯನ್ನು ಹುಡುಕಿ, ಅದರ ಮೇಲೆ ತನ್ನ ಸ್ವೆಟರ್ ಹಾಕಿ, ನೀರು ಕುಡಿಯಲು ಹೋಗಿದ್ದಳು. ವಾಪಸು ಬಂದಾಗ ಸ್ವೆಟರ್ ಅಂದವಾಗಿ ಮಡಿಸಿಕೊಂಡು ಪಕ್ಕದ ಕುರ್ಚಿಗೆ ವರ್ಗವಾಗಿತ್ತು. ಅವಳ ಜಾಗದಲ್ಲಿ ಒಬ್ಬ ಕೂತಿದ್ದ.

"ರೀ, ಇದು ನನ್ನ ಜಾಗ."

ಅವನು ತಲೆಯೆತ್ತಲಿಲ್ಲ. ಬೆರಳುಗಳು ಲ್ಯಾಪ್‌ಟಾಪಿನ ಮೇಲೆ ಓಡುತ್ತಲೇ ಇದ್ದವು. "ಐದೇ ನಿಮಿಷ ಕೊಡಿ. ಪಾಪ, ಇದಕ್ಕೆ ಬೆಳಿಗ್ಗೆಯಿಂದ ಊಟ ಇಲ್ಲ."

"ಯಾರಿಗೆ?"

"ಲ್ಯಾಪ್‌ಟಾಪಿಗೆ."

ಅವಳಿಗೆ ನಗು ಬಂತು. ನುಂಗಿಕೊಂಡಳು. "ಇನ್ನೂ ಬಿಡುಗಡೆಯೇ ಆಗಿಲ್ಲ. ಅಷ್ಟರಲ್ಲೇ ಏನು ಬರೀತಿದೀರಿ?"

"ಬಿಡುಗಡೆ ಆಯ್ತು ಅಂತ ಬರೀತಿದೀನಿ. ಪರದೆ ಸರಿದ ತಕ್ಷಣ ಒಂದು ಬಟನ್ ಒತ್ತಿದ್ರೆ ಆಯ್ತು." ಆಗ ತಲೆಯೆತ್ತಿದ. ನಿದ್ದೆಗೆಟ್ಟ ಕಣ್ಣು, ಆದರೆ ಆ ಕಣ್ಣಿನ ಮೂಲೆಯಲ್ಲಿ ಏನೋ ಕಿಡಿಗೇಡಿತನ. "ನೀವು ಯಾವಾಗ ಬರೀತೀರಿ?"

"ಮುಂದಿನ ತಿಂಗಳು."

"ಓಹೋ, 'ಒರೆಗಲ್ಲು' ಬ್ಲಾಗಿನವರು! ನೀವು ರಿವ್ಯೂ ಹಾಕೋ ಹೊತ್ತಿಗೆ ಫೋನಿಗೆ ಮೊಮ್ಮಕ್ಕಳಾಗಿರ್ತಾರೆ ಅಂತ ನಮ್ಮ ಆಫೀಸಲ್ಲಿ ಮಾತು."

"ನೀವು 'ತಕ್ಷಣ' ಬ್ಲಾಗಿನವರು. ನೀವು ಹಾಕೋ ಹೊತ್ತಿಗೆ ಫೋನು ಹುಟ್ಟೇ ಇರಲ್ಲ ಅಂತ ನಮ್ಮ ಆಫೀಸಲ್ಲಿ ಮಾತು."

ಅವನು ಜೋರಾಗಿ ನಕ್ಕ. ಎದ್ದು ಜಾಗ ಬಿಟ್ಟುಕೊಟ್ಟ. ಆದರೆ ಅವನ ವೈರು ಮಾತ್ರ ಅವಳ ಮಡಿಲ ಮೇಲೆ ಹಾದು ಹೋಗಿ, ಕಾರ್ಯಕ್ರಮ ಮುಗಿಯುವ ತನಕ ಅಲ್ಲೇ ಇತ್ತು. ಅವಳು ತೆಗೆಯಿರಿ ಎನ್ನಲಿಲ್ಲ, ಅವನೂ ತೆಗೆಯಲಿಲ್ಲ.

ಅವಳ ಸಂಪಾದಕಿ ಆ ವಾರವೇ ಅವಳಿಗೊಂದು ಕೆಲಸ ಹಚ್ಚಿದರು. ಒರೆಗಲ್ಲಿಗೆ ಓದುಗರು ಕಡಿಮೆಯಾಗುತ್ತಿದ್ದರು. ಅವರು ಎಲ್ಲಿಗೆ ಹೋಗುತ್ತಿದ್ದಾರೆ, ಯಾಕೆ ಹೋಗುತ್ತಿದ್ದಾರೆ ಎಂದು ತಿಳಿಯಬೇಕಿತ್ತು. "ತಂತ್ರಜ್ಞಾನದ ನಾಲ್ಕು ದೊಡ್ಡ ಬ್ಲಾಗುಗಳನ್ನ ಅಕ್ಕಪಕ್ಕ ಇಟ್ಟು ನೋಡಮ್ಮ. ಯಾರ ಶೈಲಿ ಏನು, ಯಾರ ಪಟ್ಟು ಏನು. ನಮ್ಮನ್ನೂ ಬಿಡಬೇಡ. ಎರಡು ತಿಂಗಳು ತಗೋ."

ನಿಧಾನ ಅವಳ ಹುಟ್ಟುಗುಣ. ಒಂದು ಸಾಧನದ ಬಗ್ಗೆ ಬರೆಯುವ ಮುನ್ನ ನಲವತ್ತು ದಿನ ಅದರ ಜೊತೆ ಬಾಳಬೇಕು ಎನ್ನುವುದು ಒರೆಗಲ್ಲಿನ ನಿಯಮ. ಆ ನಿಯಮ ಅವಳ ಮೈಗೆ ಹೊಲಿಸಿದ ಅಂಗಿಯಂತಿತ್ತು. ಆದರೆ 'ತಕ್ಷಣ'ದ ಒಳಗುಟ್ಟು ಹೊರಗಿನಿಂದ ತಿಳಿಯುವುದು ಹೇಗೆ? ಅವನಿಗೆ ಫೋನ್ ಮಾಡಿದಳು. ಅವನು ಹತ್ತು ಸೆಕೆಂಡಿನಲ್ಲಿ ಒಪ್ಪಿಕೊಂಡ.

ಸಾರ್ವಜನಿಕ ಗ್ರಂಥಾಲಯದ ಮೇಲ್ಮಹಡಿಯ ಕ್ಯಾಂಟೀನಿನಲ್ಲಿ, ಕಿಟಕಿ ಪಕ್ಕದ ಅಲುಗಾಡುವ ಮೇಜಿನಲ್ಲಿ, ಶನಿವಾರ ಮಧ್ಯಾಹ್ನಗಳು ಶುರುವಾದವು.

"ನಮ್ಮದು ಏನೂ ಮಂತ್ರ ಇಲ್ಲ," ಎಂದ ಮೊದಲ ದಿನ. "ಇನ್ನೂರು ಪದ. ಶೀರ್ಷಿಕೆಯಲ್ಲಿ ಫೋನಿನ ಹೆಸರು. ಮೊದಲ ವಾಕ್ಯದಲ್ಲಿ ಸುದ್ದಿ, ಎರಡನೇ ವಾಕ್ಯದಲ್ಲಿ ಅದೇ ಸುದ್ದಿ, ಮೂರನೇ ವಾಕ್ಯದಲ್ಲಿ ನಾಳೆ ಇನ್ನಷ್ಟು ಸುದ್ದಿ. ದಿನಕ್ಕೆ ಹದಿನೈದು ಬರೀತೀನಿ. ಸಂಜೆಗೆ ಒಂದೂ ನೆನಪಿರಲ್ಲ."

"ಬೇಜಾರಾಗಲ್ವಾ?"

"ಆಗುತ್ತೆ. ಅದನ್ನ ಹದಿನಾರನೇದಾಗಿ ಬರೆಯೋಕೆ ಬಿಡಲ್ಲ."

ಅವಳು ಬರೆದುಕೊಂಡಳು. 'ಹೀಗೆ ಮಾಡಿ' ಎಂಬ ಮೂರನೇ ಬ್ಲಾಗು ಮನೆಯ ಹಿರಿಯಕ್ಕನಂತೆ. ಪಾಸ್‌ವರ್ಡ್ ಮರೆತವರಿಂದ ಹಿಡಿದು ಫೋನು ನೀರಿಗೆ ಬೀಳಿಸಿದವರ ತನಕ ಎಲ್ಲರನ್ನೂ ಕೈಹಿಡಿದು ನಡೆಸುತ್ತಿತ್ತು. ಅಲ್ಲಿನ ಬರಹಕ್ಕೆ ವಯಸ್ಸಾಗುತ್ತಿರಲಿಲ್ಲ, ಐದು ವರ್ಷದ ಹಿಂದಿನದನ್ನೂ ಜನ ಹುಡುಕಿ ಬರುತ್ತಿದ್ದರು. ನಾಲ್ಕನೆಯದು 'ಪಿಸುಮಾತು'. ಅಲ್ಲಿ ಗಾಳಿಸುದ್ದಿ, ಸೋರಿಬಂದ ಚಿತ್ರಗಳು, ಅರ್ಧ ಸುಳ್ಳು. ಆದರೆ ಪ್ರತಿ ಬುಧವಾರ ಅಲ್ಲಿ 'ಗೋಡೆಯ ಕಿವಿ' ಎಂಬ ಅಂಕಣವೊಂದು ಲೇಖಕರ ಹೆಸರಿಲ್ಲದೆ ಬರುತ್ತಿತ್ತು. ಬರೆಯುವವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಅವಳು ಅದನ್ನು ಎರಡೆರಡು ಸಲ ಓದುತ್ತಿದ್ದಳು.

"ಕೆಸರಲ್ಲಿ ಕಮಲ ಅಂತಾರಲ್ಲ, ಹಾಗೆ," ಎಂದಳು ಒಂದು ಶನಿವಾರ. "ಇವರು ಮೆಷಿನ್ನಿನ ಬಗ್ಗೆ ಬರೆದ್ರೂ ಅದು ಮನುಷ್ಯರ ಬಗ್ಗೆ ಬರೆದ ಹಾಗೆ ಇರುತ್ತೆ. ಇವರೇನಾದ್ರೂ ಎದುರಿಗೆ ಸಿಕ್ಕರೆ ನಿನ್ನ ಬಿಟ್ಟು ಅವರ ಹಿಂದೆ ಹೋಗಿಬಿಡ್ತೀನಿ, ನೋಡ್ತಿರು."

ಅಷ್ಟು ಹೊತ್ತಿಗೆ 'ನೀವು' ಹೋಗಿ 'ನೀನು' ಆಗಿತ್ತು. ಯಾವ ಶನಿವಾರ ಹಾಗಾಯಿತೆಂದು ಇಬ್ಬರಿಗೂ ನೆನಪಿರಲಿಲ್ಲ.

ಅವನು ಚಹಾದ ಲೋಟವನ್ನು ಮೇಜಿನ ಮೇಲೆ ತಿರುಗಿಸುತ್ತ ಕೂತ. ಕಿವಿಯ ಅಂಚು ಕೆಂಪಾಗಿತ್ತು. "ಅಷ್ಟೊಂದು ಚೆನ್ನಾಗಿ ಬರೀತಾರಾ?"

"ಹೊಟ್ಟೆಕಿಚ್ಚಾ?"

"ತುಂಬ," ಎಂದು ಅವಳ ಕಣ್ಣನ್ನೇ ನೋಡಿ ನಕ್ಕ. ಆ ನಗುವಿಗೆ ಅವಳು ತಾನೇ ಒಂದು ಅರ್ಥ ಕಟ್ಟಿಕೊಂಡಳು. ಮನೆಗೆ ಹೋಗುವ ದಾರಿಯುದ್ದಕ್ಕೂ ಅದನ್ನು ಬಾಯಲ್ಲಿಟ್ಟ ಸಕ್ಕರೆಯ ಹರಳಿನಂತೆ ಕರಗಿಸಿಕೊಂಡಳು.

ಮನೆಯಲ್ಲಿ ಇದ್ದದ್ದು ಅವಳು ಮತ್ತು ಅಪ್ಪ, ಇಬ್ಬರೇ. ಅಪ್ಪ ಮೂವತ್ತು ವರ್ಷ ರೈಲ್ವೆ ಸ್ಟೇಷನ್ನಿನಲ್ಲಿ ಅನೌನ್ಸರ್ ಆಗಿದ್ದವರು. ಯಾವ ರೈಲು ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ಮೈಕಿನಲ್ಲಿ ಹೇಳುತ್ತಿದ್ದ ಆ ತುಂಬು ದನಿಯನ್ನು ಊರಿಗೆ ಊರೇ ಗುರುತಿಸುತ್ತಿತ್ತು. ನಿವೃತ್ತಿಯಾದ ಮೇಲೆ ಕಿವಿ ಮಂದವಾಗುತ್ತ ಬಂತು. ದನಿ ಹಾಗೇ ಇತ್ತು, ಕೇಳುವುದು ಹೋಯಿತು. ಹೊಸ ಕಂಪನಿಯೊಂದರ ಕಿವಿ ಮೆಷಿನ್ನು ಪರೀಕ್ಷೆಗೆಂದು ಒರೆಗಲ್ಲಿಗೆ ಬಂದಾಗ ಅವಳು ಅಪ್ಪನನ್ನೇ ಕೇಳಿದಳು. ಅಪ್ಪ ಮಗುವಿನಂತೆ ಒಪ್ಪಿದರು. ಮೊದಲ ವಾರವೇ ಅಡುಗೆಮನೆಯ ನಲ್ಲಿ ತೊಟ್ಟಿಕ್ಕುವುದು ಕೇಳಿಸಿತೆಂದು ಸಂಭ್ರಮಪಟ್ಟು, ರಿಪೇರಿ ಮಾಡಿಸಲು ಬಿಡಲಿಲ್ಲ.

ಹತ್ತನೇ ದಿನ ಸ್ಟೇಷನ್ನಿನ ಹಳೆಯ ಸಹೋದ್ಯೋಗಿಗಳ ಸಭೆ ಇತ್ತು. ಅವಳೂ ಜೊತೆಗೆ ಹೋಗಿದ್ದಳು. ತೀರಿಕೊಂಡ ಗಾರ್ಡ್ ಒಬ್ಬರಿಗಾಗಿ ಎಲ್ಲರೂ ಎದ್ದು ನಿಂತು ಮೌನ ಆಚರಿಸುವಾಗ ಅಪ್ಪನ ಕಿವಿಯ ಮೆಷಿನ್ನು ಶಿಳ್ಳೆ ಹೊಡೆಯತೊಡಗಿತು. ಸಣ್ಣದಾಗಿ, ಎಡೆಬಿಡದೆ. ಅಷ್ಟು ತಾರಕದ ಸದ್ದು ಅಪ್ಪನಿಗೆ ಕೇಳಿಸುವುದಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬರು ಕಿಸಕ್ಕೆಂದರು, ಇನ್ನೊಬ್ಬರು ಬಾಯಿ ಮುಚ್ಚಿಕೊಂಡರು, ಆಮೇಲೆ ಸಭೆಯೇ ನಕ್ಕಿತು. ಎಲ್ಲರ ಮುಖ ನೋಡಿ ಅಪ್ಪನೂ ನಕ್ಕರು. ಏನೋ ತಮಾಷೆ ನಡೆದಿದೆ, ತನಗೆ ಕೇಳಿಸಿಲ್ಲ ಅಷ್ಟೇ ಎಂದುಕೊಂಡು. ಅವಳು ಓಡಿಹೋಗಿ ಮೆಷಿನ್ನು ತೆಗೆದಳು.

"ಏನಾಯ್ತು ಪುಟ್ಟಿ?"

"ಏನಿಲ್ಲಪ್ಪ. ಬ್ಯಾಟರಿ ಮುಗೀತು."

ಅಪ್ಪನಿಗೆ ಸುಳ್ಳು ಹೇಳಿದ್ದು ಅವಳ ಎದೆಯಲ್ಲಿ ಮುಳ್ಳಿನಂತೆ ನಿಂತಿತು. ಆ ಶನಿವಾರ ಕ್ಯಾಂಟೀನಿನಲ್ಲಿ ಅವನು "ಯಾಕೆ, ಹುಬ್ಬಿನ ಗಂಟು ಬಿಚ್ಚೇ ಇಲ್ಲ ಇವತ್ತು?" ಎಂದು ಕೇಳಿದ್ದೇ ತಡ, ಎಲ್ಲವನ್ನೂ ಹೇಳಿಬಿಟ್ಟಳು. ಹೇಳುತ್ತ ಹೇಳುತ್ತ ಕಣ್ಣು ತುಂಬಿತು.

"ನಗುವಿಗೆ ತಾನೇ ಕಾರಣ ಅಂತ ಗೊತ್ತಿಲ್ಲದೆ ಜೊತೆಗೆ ನಗ್ತಾರಲ್ಲ, ಅವರನ್ನ ನೋಡೋದಿದೆಯಲ್ಲ, ಅದಕ್ಕಿಂತ ಕಷ್ಟ ಯಾವುದೂ ಇಲ್ಲ."

ಅವನು ಅವಳ ಕೈ ಹಿಡಿದುಕೊಂಡ. ಮೊದಲ ಸಲ. ಕೆಳಗೆ ಬಸ್ಸುಗಳು ಬಂದು ಹೋಗುತ್ತಿದ್ದವು, ಕ್ಯಾಂಟೀನಿನವರು ಲೋಟ ಎತ್ತಿಕೊಂಡು ಹೋದರು, ಅವನು ಕೈ ಬಿಡಲಿಲ್ಲ. "ಯಾರಿಗೂ ಹೇಳಬೇಡ," ಎಂದಳು. "ಹುಚ್ಚಿ, ಯಾರಿಗೆ ಹೇಳಲಿ?" ಎಂದ.

ಎರಡು ಬುಧವಾರ ಕಳೆಯಿತು.

ಮೂರನೇ ಬುಧವಾರ ಬೆಳಿಗ್ಗೆ ಅವಳು ಆಫೀಸಿನಲ್ಲಿ, ಟಿಪ್ಪಣಿ ಪುಸ್ತಕ ತೆರೆದಿಟ್ಟುಕೊಂಡು, 'ಗೋಡೆಯ ಕಿವಿ'ಯನ್ನು ಓದತೊಡಗಿದಳು. ಆ ಅಂಕಣದ ಶೈಲಿಯ ಲಕ್ಷಣಗಳನ್ನು ಅವಳು ಒಂದು ಪುಟದಲ್ಲಿ ಪಟ್ಟಿ ಮಾಡಿದ್ದಳು. ಈ ವಾರದ ಶೀರ್ಷಿಕೆ 'ಯಂತ್ರಗಳಿಗೆ ಮರ್ಯಾದೆ ಕಲಿಸುವುದು ಹೇಗೆ?' ಕೋರ್ಟಿನಲ್ಲಿ ಸಾಕ್ಷಿ ಹೇಳುವಾಗ ಜೇಬಿನಲ್ಲಿ ಹಾಡಿದ ಫೋನು, ಡಾಕ್ಟರ ಮುಂದೆ ಹೆಜ್ಜೆ ಲೆಕ್ಕ ಒಪ್ಪಿಸಿದ ಕೈಗಡಿಯಾರ. 'ಪಾಪ, ಅದಕ್ಕೇನು ಗೊತ್ತು, ಸತ್ಯ ಹೇಳುವುದಕ್ಕೂ ಹೊತ್ತುಗೊತ್ತು ಇದೆ ಅಂತ.' ಅವಳು ಜೋರಾಗಿ ನಕ್ಕಳು. ಪಕ್ಕದ ಮೇಜಿನವರು ತಿರುಗಿ ನೋಡಿದರು.

ಮೂರನೇ ಪ್ಯಾರಾದಲ್ಲಿ ಒಬ್ಬ ನಿವೃತ್ತ ಸ್ಟೇಷನ್ ಅನೌನ್ಸರ್ ಇದ್ದರು.

ನಗು ತುಟಿಯ ಮೇಲೆ ಹಾಗೇ ಉಳಿದಿತ್ತು. ಮೌನಾಚರಣೆ, ಶಿಳ್ಳೆ, ಹಿಂದಿನ ಸಾಲಿನ ಕಿಸಕ್ಕು. ನಲವತ್ತು ದಿನ ಪರೀಕ್ಷಿಸಿ ಬರೆಯುವ ಬ್ಲಾಗಿನವರು ಈ ಮೆಷಿನ್ನನ್ನು ಪರೀಕ್ಷಿಸುತ್ತಿದ್ದಾರಂತೆ ಎಂಬ ಮಾತೂ ಇತ್ತು. ಕೊನೆಯ ವಾಕ್ಯ ಹೀಗಿತ್ತು: 'ನಗುವಿಗೆ ತಾನೇ ಕಾರಣ ಎಂದು ಗೊತ್ತಿಲ್ಲದೆ ಜೊತೆಗೆ ನಗುವವರನ್ನು ನೋಡುವುದಕ್ಕಿಂತ ಕಷ್ಟ ಯಾವುದೂ ಇಲ್ಲ.'

ಆ ವಾಕ್ಯಕ್ಕೆ ಅವಳದೇ ಕಣ್ಣೀರಿನ ಗುರುತಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಆದರೂ ಅವಳು ತನ್ನ ಪಟ್ಟಿಯನ್ನೊಮ್ಮೆ ನೋಡಿದಳು. ಯಂತ್ರಗಳಿಗೆ 'ಪಾಪ' ಎನ್ನುತ್ತಾರೆ. ಒಂದು ಉದ್ದ ವಾಕ್ಯ, ಹಿಂದೆಯೇ ಎರಡು ಪದದ ಪುಟ್ಟ ವಾಕ್ಯ. ಹಸಿವು, ಊಟದ ಹೋಲಿಕೆಗಳು ಜಾಸ್ತಿ. ವಾರಗಟ್ಟಲೆ ಶನಿವಾರ ಮಧ್ಯಾಹ್ನ ಎದುರಿಗೆ ಕೂತು ಮಾತಾಡಿದ ದನಿಯನ್ನು ಅವಳು ಬರೆದಿಟ್ಟುಕೊಂಡಿದ್ದಳು, ಗುರುತು ಹಿಡಿದಿರಲಿಲ್ಲ.

ಮಧ್ಯಾಹ್ನ ಮನೆಗೆ ಓಡಿದಳು. ತಡವಾಗಿತ್ತು. ಸಹೋದ್ಯೋಗಿಯೊಬ್ಬರು 'ಇದು ನಿನ್ನದೇ ಕಥೆಯಲ್ಲವೇನೋ' ಎಂದು ಅಪ್ಪನಿಗೆ ಅಂಕಣ ಕಳಿಸಿದ್ದರು. ಅಪ್ಪ ಕನ್ನಡಕ ಹಾಕಿಕೊಂಡು ಕೂತಿದ್ದರು. ಕಿವಿ ಖಾಲಿ.

"ಬ್ಯಾಟರಿ ಮುಗಿದಿತ್ತು ಅಂದಿದ್ದೆ ನೀನು."

ಅವಳು ಏನೋ ಹೇಳಹೋದಳು. ಅಪ್ಪ ಕೈಯಾಡಿಸಿ ಸಾಕು ಎಂದರು. "ನಿನ್ನ ತುಟಿ ನೋಡಿದ್ರೆ ಗೊತ್ತಾಗುತ್ತೆ ಬಿಡು, ಪುಟ್ಟಿ." ಎದ್ದು ಒಳಗೆ ಹೋದರು.

'ತಕ್ಷಣ'ದ ಆಫೀಸಿದ್ದ ಕಟ್ಟಡದ ಮೆಟ್ಟಿಲ ಮೇಲೆ ಅವನು ಸಿಕ್ಕ. ಅವಳನ್ನು ಕಂಡ ಕ್ಷಣವೇ ಅವನ ಮುಖದ ರಕ್ತ ಇಳಿಯಿತು. ಕೇಳುವ ಮೊದಲೇ ಉತ್ತರ ಸಿಕ್ಕಿತು.

"ಎಷ್ಟು ದಿನದಿಂದ 'ಕಿವಿ' ನೀನೇ?"

"ಎರಡು ವರ್ಷ."

"ನಾನು ಹೊಗಳ್ತಾ ಇದ್ದಾಗ ನಿಂಗೆ ಮಜಾ ಬರ್ತಿತ್ತು, ಅಲ್ವಾ?"

"ಮಜಾ ಅಲ್ಲ. ಜೀವ ಬರ್ತಿತ್ತು." ಅವನು ಮೆಟ್ಟಿಲ ಮೇಲೆ ಕುಸಿದು ಕೂತ. "ದಿನಕ್ಕೆ ಹದಿನೈದು ಸುದ್ದಿ ಬರೀತೀನಿ ನಾನು. ಅದ್ಯಾವುದೂ ನಂದಲ್ಲ. ಆ ಅಂಕಣ ಒಂದೇ ನಂದು. ಅದನ್ನ ಒಬ್ಬಳು ಎರಡೆರಡು ಸಲ ಓದ್ತಾಳೆ ಅಂದ್ರೆ... ಆ ವಾರ ಬರೆಯೋಕೆ ಏನೂ ಇರಲಿಲ್ಲ. ನೀನು ಹೇಳಿದ್ದು ಬಿಟ್ಟರೆ ತಲೆಯಲ್ಲಿ ಬೇರೆ ಏನೂ ಇರಲಿಲ್ಲ. ಅಷ್ಟು ಚೆನ್ನಾಗಿತ್ತು ಅದು. ಬರೆಯದೆ ಇರೋಕಾಗಲಿಲ್ಲ."

"ಚೆನ್ನಾಗಿತ್ತಾ?"

"ಹಾಗಲ್ಲ ನಾನು ಹೇಳಿದ್ದು..."

"ನನ್ನ ಕೈ ಹಿಡ್ಕೊಂಡಿದ್ದೆಯಲ್ಲ ಅವತ್ತು. ಕೇಳಿಸ್ಕೊಳ್ತಾ ಇದ್ದೆಯಾ, ಬರ್ಕೊಳ್ತಾ ಇದ್ದೆಯಾ?"

ಅವನು ತನ್ನ ಅಂಗೈಯನ್ನೇ ನೋಡುತ್ತ ಕೂತ. ಸುಳ್ಳಾದರೂ ಹೇಳಿದ್ದರೆ ಅವಳು ಅಲ್ಲೇ ಅತ್ತುಬಿಡುತ್ತಿದ್ದಳೇನೋ. ಮೆಟ್ಟಿಲಿಳಿದು ಬಂದಳು.

ಮರುದಿನ ಸಂಪಾದಕಿಯ ಕೋಣೆಗೆ ಹೋಗಿ, ಗುಟ್ಟಾಗಿರಬೇಕಿದ್ದ ಪರೀಕ್ಷೆಯ ವಿಷಯ ಹೊರಗೆ ಹೋದದ್ದು ತನ್ನ ಬಾಯಿಂದ ಎಂದು ಒಪ್ಪಿಕೊಂಡಳು. ಸಂಪಾದಕಿ ಬೈಯಲಿಲ್ಲ. ಅದೇ ಹೆಚ್ಚು ನೋಯಿಸಿತು. "ಯಾರನ್ನ ನಂಬಬೇಕು ಅಂತ ತಿಳಿಯೋಕೆ ನಲವತ್ತು ದಿನ ಸಾಲಲ್ಲಮ್ಮ," ಎಂದರಷ್ಟೇ. "ಹೋಲಿಕೆಯ ವರದಿ ಸೋಮವಾರ ಬೇಕು."

ಬರೆದಳು. 'ತಕ್ಷಣ' ಮೊದಲು ಮುಟ್ಟುವುದರಿಂದ ಗೆಲ್ಲುತ್ತದೆ, 'ಹೀಗೆ ಮಾಡಿ' ಬೇಕಾದಾಗ ಸಿಗುವುದರಿಂದ. ಒರೆಗಲ್ಲು ನಂಬಿಕೆಯಿಂದ ಬದುಕಿದೆ, ಆದರೆ ಓದುಗರನ್ನು ವಿಪರೀತ ಕಾಯಿಸುತ್ತದೆ. 'ಪಿಸುಮಾತು' ಬಂದಾಗ ಪೆನ್ನು ನಿಂತಿತು. ಹಾಳಾಗಿ ಹೋಗಲಿ ಎಂದು ಬರೆಯುವುದು ಸುಲಭವಿತ್ತು. ಒಂದು ಮಧ್ಯಾಹ್ನ ಪೂರ್ತಿ ಕೂತು ಕೊನೆಗೆ ಬರೆದಳು: 'ನಾಲ್ಕೂ ಬ್ಲಾಗುಗಳಲ್ಲಿ ಅತ್ಯುತ್ತಮ ಗದ್ಯ ಈ ಅಂಕಣದ್ದೇ. ಅದು ಬೆಳೆಯುವುದು ನಂಬಿ ಹೇಳಿದವರ ಮಾತಿನಿಂದ. ನಾವು ಅನುಸರಿಸಬಾರದ ದಾರಿ.' ಸುಳ್ಳು ಒಂದಕ್ಷರವೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಬಾಗಿಲು ತೆರೆದರೆ ಅವನು ನಿಂತಿದ್ದ. ಶೇವ್ ಮಾಡಿರಲಿಲ್ಲ. "ನಿನ್ನ ನೋಡೋಕಲ್ಲ. ನಿಮ್ಮಪ್ಪನ ಹತ್ರ ಮಾತಾಡಬೇಕು."

ಬಾಗಿಲು ಹಾಕಬಹುದಿತ್ತು. ಪಕ್ಕಕ್ಕೆ ಸರಿದಳು.

ಅಪ್ಪ ಪೇಪರ್ ಮಡಿಸಿದರು. "ಬಾಪ್ಪಾ, ಕೂತ್ಕೋ. ಯಾರು?"

"ಸರ್, ಆ ಅಂಕಣ ಬರೆದೋನು ನಾನು. ನಂದು ತಪ್ಪಾಯ್ತು."

ಅಪ್ಪ ಕಿವಿಗೆ ಕೈಯಿಟ್ಟು ಮಗಳತ್ತ ತಿರುಗಿದರು. "ಏನಂತಾನೆ?"

ಅವಳು ಅವನನ್ನು ನೋಡಿದಳು, ಅವನು ಅವಳನ್ನು. ಬೇರೆ ದಾರಿಯಿರಲಿಲ್ಲ. ಅಪ್ಪನ ಕಿವಿಯ ಹತ್ತಿರ ಬಗ್ಗಿ ಗಟ್ಟಿಯಾಗಿ ಹೇಳಿದಳು: "ನಿಮ್ಮ ಬಗ್ಗೆ ಬರೆದೋರು ಇವರೇ ಅಂತೆ! ತಪ್ಪಾಯ್ತಂತೆ!"

"ನಿಮ್ಮ ಮಗಳು ನನ್ನ ನಂಬಿ ಹೇಳಿದ್ದಳು. ನಾನು ಅದನ್ನ ಕದ್ದೆ."

"ನಾನು ಇವರನ್ನ ನಂಬಿದ್ದೆನಂತೆ!" ಇನ್ನೂ ಹತ್ತಿರ ಬಗ್ಗಿದಳು. "ಇವರು ಕದ್ದರಂತೆ!"

"ಇನ್ನು ಆ ಅಂಕಣ ಬರೆಯಲ್ಲ. ಬಿಟ್ಟುಬಿಟ್ಟೆ."

"ಬರೆಯೋದು ಬಿಟ್ಟರಂತೆ!"

ಅವನು ತಲೆ ತಗ್ಗಿಸಿದ. ಬಹಳ ಮೆಲ್ಲಗೆ ಹೇಳಿದ: "ನಿಮ್ಮ ಮಗಳನ್ನ ಪ್ರೀತಿಸ್ತೀನಿ, ಸರ್. ಅವಳಿಗೆ ಇದನ್ನ ಒಂದು ಸಲವೂ ಹೇಳಿರಲಿಲ್ಲ."

ಅಪ್ಪ ಕಾಯುತ್ತಿದ್ದರು. "ಹ್ಞಾಂ? ಏನಂದ?"

ಎಷ್ಟು ಶನಿವಾರ ಅವಳು ಈ ಮಾತಿಗಾಗಿ ಕಾದಿದ್ದಳು. ಈಗ ಅದನ್ನು ತಾನೇ, ಕೆಳಮನೆಯವರಿಗೂ ಕೇಳುವ ಹಾಗೆ, ಕೂಗಬೇಕಿತ್ತು.

"ನನ್ನನ್ನ ಪ್ರೀತಿಸ್ತಾರಂತೆ, ಅಪ್ಪ!"

ಅಪ್ಪ ಇಬ್ಬರ ಮುಖವನ್ನೂ ನೋಡಿದರು. ಆಮೇಲೆ, ಪ್ಲಾಟ್‌ಫಾರ್ಮಿನ ಕೊನೆಯ ತನಕ ಮುಟ್ಟುತ್ತಿದ್ದ ಅದೇ ದನಿಯಲ್ಲಿ, ಆದರೆ ಮೆತ್ತಗೆ, ಹೇಳಿದರು:

"ನೀನು ಬರೆದದ್ದು ಚೆನ್ನಾಗಿತ್ತಪ್ಪ. ನನಗೇ ನಗು ಬಂತು. ಆಮೇಲೆ ಅಳು ಬಂತು. ನನ್ನ ಅವಮಾನ ನಂದು. ಕೇಳಿದ್ರೆ ಕೊಡ್ತಿದ್ದೆ." ಮಗಳತ್ತ ನೋಡಿದರು. "ನೀನೂ ನನ್ನ ಹತ್ರ ಹೇಳಬಹುದಿತ್ತು ಪುಟ್ಟಿ. ಹೊರಗಿನವನಿಗೆ ಹೇಳೋ ಮುಂಚೆ."

ಅವಳು ಅಪ್ಪನ ಪಾದದ ಹತ್ತಿರ ನೆಲದ ಮೇಲೆ ಕೂತು ಅತ್ತಳು. ಬುಧವಾರದಿಂದ ತಡೆದಿದ್ದೆಲ್ಲ ಬಂತು. ಅಪ್ಪ ಅವಳ ತಲೆ ಸವರುತ್ತ, "ಆ ಮೆಷಿನ್ನಿನ ನಲವತ್ತು ದಿನ ಇನ್ನೂ ಮುಗಿದಿಲ್ಲ ತಾನೆ? ಮುಗಿಸೋಣ. ಶಿಳ್ಳೆ ಹೊಡೆದದ್ದನ್ನೂ ಬರಿ. ನನ್ನ ಹೆಸರು ಹಾಕಿಯೇ ಬರಿ," ಎಂದರು.

ಬಸ್ ಸ್ಟಾಪಿನ ತನಕ ಅವಳು ಅವನ ಜೊತೆ ನಡೆದಳು. ಬಿಸಿಲು ಆಗಲೇ ಏರಿತ್ತು. ಅಂಗಡಿಗಳ ಬಾಗಿಲು ಒಂದೊಂದಾಗಿ ತೆರೆಯುತ್ತಿದ್ದವು. ನಡುವೆ ಒಬ್ಬರು ನಡೆಯುವಷ್ಟು ಜಾಗ ಬಿಟ್ಟು ಇಬ್ಬರೂ ನಡೆದರು.

"ಒಂದು ಅವಕಾಶ ಕೊಡಲ್ವಾ?" ಎಂದ.

"ಅಂಕಣ ಬಿಡಬೇಡ," ಎಂದಳು. "ನಿನ್ನ ಹೆಸರು ಹಾಕ್ಕೊಂಡು ಬರಿ. ನಾನು ಓದ್ತೀನಿ. ಅದನ್ನ ಬಿಡೋಕೆ ನಂಗೆ ಆಗಲ್ಲ."

"ಮತ್ತೆ ನಾವು?"

ಬಸ್ಸು ತಿರುವಿನಲ್ಲಿ ಕಾಣಿಸಿತು. ಅವಳು ಮೊದಲ ಸಲ ಎಂಬಂತೆ ಅವನನ್ನು ಪೂರ್ತಿ ನೋಡಿದಳು. ನಿದ್ದೆಗೆಟ್ಟ ಆ ಕಣ್ಣು, ಕೆಂಪೇರಿದ ಕಿವಿಯ ಅಂಚು. ಎಲ್ಲ ಹಾಗೇ ಇತ್ತು. ಪ್ರೀತಿಯೂ ಹಾಗೇ ಇತ್ತು, ಅದೇ ಅನ್ಯಾಯ.

"ನಿಂಗೆ ಇನ್ನೇನೂ ಹೇಳೋಕೆ ಆಗಲ್ಲ ನನ್ನ ಕೈಲಿ. ತಲೆನೋವು ಅಂತ ಹೇಳೋಕೂ ಹೆದರಿಕೆ. ಏನೂ ಹೇಳದೆ ಪ್ರೀತಿ ಮಾಡೋದು ಹೇಗೋ, ನಂಗೆ ಗೊತ್ತಿಲ್ಲ ಕಣೋ."

ಅವನು ಅವಳ ಕೈ ಮುಟ್ಟಲು ಹೋಗಿ, ಮುಟ್ಟದೆ, ಬಸ್ಸು ಹತ್ತಿದ. ಹಿಂದಿನ ಸೀಟಿಗೆ ಹೋಗಿ ಗಾಜಿಗೆ ಹಣೆಯಿಟ್ಟು ಏನೋ ಹೇಳುತ್ತಿದ್ದ. ತುಟಿಗಳು ಅಲುಗುತ್ತಿದ್ದವು. ಬಸ್ಸಿನ ಸದ್ದಿನಲ್ಲಿ ಅವಳಿಗೆ ಕೇಳಿಸಲಿಲ್ಲ.

ಏನೆಂದು ಕೈಯೆತ್ತಿ ಕೇಳಲೂ ಇಲ್ಲ.